ಅಮೆರಿಕವನ್ನು ದಾಟಿದ ಬಾಣಂತನ

ಗರ್ಭಿಣಿಯ ಹೊಟ್ಟೆ ಎಂಟನೆಯ ತಿಂಗಳಿಗೆ ಉತ್ತಮ ಮೇಜಾಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ನನ್ನ ಹೆಂಡತಿ ಸುಮಂಗಲಾ ಕೂಡ್ಲಿಗಿಯ ಬಾಡಿಗೆ ಮನೆಯಲ್ಲಿ ಗೋಡೆಗೊರಗಿ, ಹೊಟ್ಟೆಯ ಮೇಲೆ ದೇಶಕ್ಕೊಂದರಂತೆ ಹಾಳೆಗಳನ್ನು ಹರಡಿಕೊಂಡು ಕೂರುತ್ತಿದ್ದಳು; ಒಳಗಿನ ಕೂಸು ಒದ್ದಾಗಲೆಲ್ಲ ಸ್ವೀಡನ್ ಜಾರಿ ಜಪಾನಿನ ಮೇಲೆ ಬೀಳುತ್ತಿತ್ತು.

ಯಾವ ದೇಶ ಯಾವ ಕಾಲದಲ್ಲಿ ಬಾಣಂತಿಗೆ ಎಷ್ಟು ಸಂಬಳದ ರಜೆ ಕೊಟ್ಟಿತೆಂದು ಅಳೆಯುವುದೇ ಅವಳ ಸಂಶೋಧನೆ. ಅಳತೆ ಸುಲಭವಲ್ಲ, ಓದುಗ ಮಿತ್ರರೇ. ಒಂದು ದೇಶ ಅರ್ಧ ಸಂಬಳವನ್ನು ದೀರ್ಘಕಾಲ ಕೊಟ್ಟರೆ, ಇನ್ನೊಂದು ಪೂರ್ಣ ಸಂಬಳವನ್ನು ಅಲ್ಪಕಾಲ ಕೊಡುತ್ತದೆ. ಎರಡನ್ನೂ ಪೂರ್ಣ ಸಂಬಳದ ವಾರಗಳಿಗೆ ಇಳಿಸಬೇಕು. ಹೊಸಹಳ್ಳಿಯಲ್ಲಿ ಕನ್ನಡ ಮೇಷ್ಟ್ರಾದ ನಾನು, ವೇತನಕ್ಕೂ ವೇದನೆಗೂ ಅಂಥ ದೂರವೇನಿಲ್ಲ ಎಂದು ಪಾಂಡಿತ್ಯ ಮೆರೆದೆ. ಬಟ್ಟೆ ಒಣಗಹಾಕಿ ಬರಲು ಅಪ್ಪಣೆಯಾಯಿತು.

ವಿಚಿತ್ರವೆಂದರೆ ಲೋಕದ ಬಾಣಂತಿಯರ ಸಂಬಳ ಅಳೆಯುವವಳಿಗೆ ತನ್ನ ಸಂಬಳದ ಖಾತ್ರಿಯಿರಲಿಲ್ಲ. ಅವಳು ಪಾಠ ಹೇಳುವ ಪುಟ್ಟ ಖಾಸಗಿ ಕಾಲೇಜಿನಲ್ಲಿ ರಜೆ ಉಂಟು, ಪಗಾರ ಇಲ್ಲ. ಪಗಾರ ಕೊಡಲೇಬೇಕೆಂಬ ಕಾನೂನು ಅವಳಿಗೆ ಬಾಯಿಪಾಠ. ಆದರೆ ಕೇಳಿದರೆ ಕೆಲಸಕ್ಕೇ ಕುತ್ತೆಂದು ಅಲ್ಲಿ ಯಾರೂ ಕೇಳಿರಲಿಲ್ಲ. ಕೊನೆಗೊಂದು ದಿನ ಕಾಲೇಜಿನ ಅಧ್ಯಕ್ಷರನ್ನೇ ಕಾಣುತ್ತೇನೆಂದು ಹೊರಟಳು. ಸಾರಥಿಯಾಗಿ ನಾನು, ಬೈಕನ್ನು ಎತ್ತಿನ ಬಂಡಿಯ ವೇಗದಲ್ಲಿ ಕೊಟ್ಟೂರಿನ ಅವರ ಮನೆಗೆ ನಡೆಸಿದೆ.

ಅಧ್ಯಕ್ಷ ಚನ್ನವೀರಪ್ಪನವರು ಎಣ್ಣೆ ಮಿಲ್ಲಿನ ಸಾಹುಕಾರರು, ಸೌಮ್ಯರು. ದುಡಿಯದ ತಿಂಗಳಿಗೆ ಪಗಾರ ಕೊಡುವ ರೂಢಿ ತಮ್ಮಲ್ಲಿಲ್ಲವೆಂದು ಮೆತ್ತಗೆ ತಿಳಿಸಿ, ಚಹಾ ತರಿಸಿದರು. ಸುಮಂಗಲಾ, ಸಂಬಳದ ರಜೆ ಹೆಚ್ಚಿದಷ್ಟೂ ಮೇಲಕ್ಕೆ ದೇಶಕ್ಕೊಂದು ಚುಕ್ಕೆಯಿಟ್ಟ ತನ್ನ ನಕ್ಷೆ ಬಿಚ್ಚಿದಳು. ಅವರು ಕನ್ನಡಕ ಏರಿಸಿ, ತಳದಲ್ಲಿ ಬಿದ್ದಿದ್ದ ಚುಕ್ಕೆ ಯಾವ ದೇಶದ್ದೆಂದು ಕೇಳಿದರು. ಅಮೆರಿಕದ್ದು, ಇಡೀ ದೇಶಕ್ಕೆ ಅನ್ವಯಿಸುವ ಸಂಬಳದ ಹೆರಿಗೆ ರಜೆಯ ಕಾನೂನು ಅಲ್ಲಿಲ್ಲ ಎಂದಳು. ಸಾಹುಕಾರರ ಮುಖ ಅರಳಿತು.

"ನಮ್ಮ ಕಾಲೇಜು ಎಲ್ಲಿ ಬರ್ತೈತಮ್ಮ?"

"ಅದರ ಮಗ್ಗಲಕ್ಕ ರೀ."

ಅವರು ಆ ಚುಕ್ಕೆಯ ಮೇಲೆ ಬೆರಳಿಟ್ಟರು. "ಒಂದು ತಿಂಗಳ ಪಗಾರ ಕೊಟ್ರ?"

"ಅಮೆರಿಕಾ ದಾಟ್ತೀವ್ರಿ."

ಸಾಹುಕಾರರು ಎದ್ದು ಎರಡು ಸುತ್ತು ತಿರುಗಿದರು. ನನಗೆ ನಗು ಉಕ್ಕಿ, ಚಹಾ ಮೂಗಿಗೇರಿತು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಗೌರಮ್ಮನವರು ತಣ್ಣಗೆ ಹೇಳಿದರು: "ದಾಟೋದಾದ್ರ ಕಾನೂನಿನಾಗ ಇದ್ದಷ್ಟೂ ಕೊಟ್ಟು ದಾಟ್ರಿ. ನಾನು ಹಸಿ ಬಾಣಂತಿ ಇದ್ದಾಗ ನಿಮ್ಮ ಮಿಲ್ಲಿನ ಆಳಿಗೆಲ್ಲ ರೊಟ್ಟಿ ಬಡಿದೀನಿ. ನನ್ನ ಚುಕ್ಕಿ ಯಾರೂ ಇಟ್ಟಿಲ್ಲ."

ಸಾಹುಕಾರರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುವಂಥದ್ದೇನೂ ಅದರ ಮೇಲಿರಲಿಲ್ಲ. ಆಮೇಲೆ ಪ್ರಿನ್ಸಿಪಾಲರಿಗೆ ಫೋನು ಹಚ್ಚಿ, ಕಾಲೇಜಿನಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆಲ್ಲ ಇನ್ನು ಹೆರಿಗೆ ರಜೆಗೆ ಕಾನೂನಿನಂತೆ ಪೂರ್ಣ ಪಗಾರ ಎಂದರು. ಅಮೆರಿಕವನ್ನು ದಾಟಿದ ಸುದ್ದಿಯನ್ನೂ ಸೇರಿಸಿದರು.

ಹೆರಿಗೆಯ ಸಂಬಳವನ್ನು ವಾರಗಳಲ್ಲಿ ಅಳೆಯಬಹುದು. ಅದು ಕಾಗದದಿಂದ ಕೈಗೆ ಬರಲು ಹಿಡಿಯುವ ಕಾಲವನ್ನು ಯಾವುದರಲ್ಲಿ ಅಳೆಯುವುದೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಹಿಂದೆ ಕೂತವಳು ನಗುತ್ತಲೇ ಇದ್ದಳು.

ಸುದ್ದಿ ನಮಗಿಂತ ಮೊದಲೇ ಕೂಡ್ಲಿಗಿ ಮುಟ್ಟಿತ್ತು. ಮನೆಯ ಮುಂದೆ ಅದೇ ಕಾಲೇಜಿನ ಹಿಂದಿ ಉಪನ್ಯಾಸಕಿ ರೇಣುಕಾ ಕಾದಿದ್ದಳು. ಸುಮಂಗಲಾಳ ಕೈ ಹಿಡಿದು, "ಅಕ್ಕಾ, ಕೆಲಸ ಹೋಗ್ತೈತಂತ ಹೆದರಿ ಯಾರಿಗೂ ಹೇಳಿದ್ದಿಲ್ಲ. ನನಗ ಮೂರು ತಿಂಗಳು" ಎಂದಳು.

ಇಬ್ಬರೂ ಓಣಿಗೆಲ್ಲ ಕೇಳುವಂತೆ ನಕ್ಕರು. ನಾನು ಬಾಯಿ ಸಿಹಿ ಮಾಡಿಸಲು ಒಳಗೋಡಿ, ಸಂಭ್ರಮದ ಭರದಲ್ಲಿ ಸಕ್ಕರೆಯ ಬದಲು ಉಪ್ಪು ತಂದು ಹಂಚಿಬಿಟ್ಟೆ. ಸುಮಂಗಲಾ ಉಗಿದಳು. ರೇಣುಕಾ ಮಾತ್ರ ಚಪ್ಪರಿಸಿ, ಇನ್ನಷ್ಟು ಬೇಕೆಂದು ಕೈಯೊಡ್ಡಿದಳು.