ಅಳೆಯಬಾರದ ಮರ

ನನ್ನ ತಂಗಿ ತೀರಿಕೊಂಡಾಗ ಅವಳಿಗೆ ಮೂರು ವರ್ಷ, ನನಗೆ ಏಳು. ಎರಡೇ ದಿನದ ಜ್ವರ. ನಮ್ಮಲ್ಲಿ ಹೂಳುವುದು ಪದ್ಧತಿ. ಅಷ್ಟು ಚಿಕ್ಕ ಮಗುವನ್ನು ಊರಾಚೆ ಒಂಟಿಯಾಗಿ ಬಿಡಲು ಅಮ್ಮ ಒಪ್ಪದಿದ್ದರಿಂದ ತೋಟದ ಬದುವಿನಲ್ಲೇ ಮಣ್ಣು ಮಾಡಿದರು. ಮುಂದೆ ಯಾರಾದರೂ ಮರೆತು ಅಲ್ಲಿ ಗುದ್ದಲಿ ಹಾಕಿಯಾರೆಂದು ಅಪ್ಪ ಅದರ ಮೇಲೆ ಒಂದು ತೆಂಗಿನ ಸಸಿ ನೆಟ್ಟರು. ಅಪ್ಪನಿಗೆ ಅದು ಗುರುತಿನ ಗಿಡ. ಅಮ್ಮ ನೆಟ್ಟ ದಿನದಿಂದಲೇ ಅದನ್ನು ‘ಅವಳು’ ಎನ್ನತೊಡಗಿದಳು.

ನಮ್ಮ ತುರುವೇಕೆರೆ ಕಡೆ ತೋಟದ ಕಾಯಿ ಅಟ್ಟ ಸೇರಿ, ಒಳಗಿನ ನೀರು ಬತ್ತಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಕೊಬ್ಬರಿಯಾಗಲು ವರ್ಷ ಹಿಡಿಯುತ್ತದೆ. ಅವಳ ಕಾಯಿ ಮಾತ್ರ ಅಟ್ಟಕ್ಕೆ ಹೋಗುವಂತಿರಲಿಲ್ಲ. ಕತ್ತಲಲ್ಲಿ ಒಣಗುವುದು ಅವಳ ಕೈಲಾಗದು ಎಂದು ಅಮ್ಮ ಎಳನೀರಿದ್ದಾಗಲೇ ಇಳಿಸಿ, ದಾರಿಯಲ್ಲಿ ಹೋಗುವ ಶಾಲೆಯ ಮಕ್ಕಳಿಗೆ ಕೊಡುತ್ತಿದ್ದಳು. ತೆಂಗು ತಿಂಗಳಿಗೆ ಹೆಚ್ಚುಕಡಿಮೆ ಒಂದು ಗರಿ ಕಳಚುತ್ತದೆ, ಕಳಚಿದ ಕಡೆ ಬಳೆಯಂಥ ಗೆರೆ ಉಳಿಯುತ್ತದೆ. ಅಮ್ಮ ಆ ಗೆರೆಗಳ ಮೇಲೆ ಕೈಯಾಡಿಸುತ್ತಾ, ಇಷ್ಟು ಹೊತ್ತಿಗೆ ಶಾಲೆಗೆ ಹೋಗುತ್ತಿದ್ದಳು, ಇಷ್ಟು ಹೊತ್ತಿಗೆ ಮೈನೆರೆದಿರುತ್ತಿದ್ದಳು ಎಂದು ಲೆಕ್ಕ ಹಾಕುವಳು. ಎದೆಮಟ್ಟಕ್ಕಿಂತ ಸ್ವಲ್ಪ ಮೇಲೆ ಕಾಂಡ ಸಣ್ಣಗಾಗಿತ್ತು. ಅಮ್ಮ ಜಡ್ಡು ಬಿದ್ದು ಆರು ತಿಂಗಳು ಮಲಗಿ, ಮರಕ್ಕೆ ನೀರು ಹಾಕುವವರಿಲ್ಲದ ವರ್ಷದ ಗುರುತು ಅದು. ಬೇರೆ ಮರಗಳಂತಲ್ಲ ತೆಂಗು. ಒಮ್ಮೆ ಸೊರಗಿದ ಜಾಗ ಆಮೇಲೆ ತುಂಬಿಕೊಳ್ಳುವುದಿಲ್ಲ.

ಸುಳ್ಳೇಕೆ, ನನಗೆ ಆ ಮರವೆಂದರೆ ಭಯ. ಒಣಗಿದ ಗರಿ ಕಾಂಡಕ್ಕೆ ಉಜ್ಜಿದರೆ ತಂಗಿಯ ಹೊಸ ಲಂಗದ ಸದ್ದೇ ಕೇಳಿಸುತ್ತಿತ್ತು. ಹಾಡಹಗಲಲ್ಲೂ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ.

ತಿಪಟೂರಿನಲ್ಲಿ ಸಸ್ಯಶಾಸ್ತ್ರ ಓದಿದೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಘಟ್ಟದ ಮಳೆಕಾಡಿನಲ್ಲಿ ಮರ ಅಳೆಯುವ ತಾತ್ಕಾಲಿಕ ಕೆಲಸ ಸಿಕ್ಕಿತು. ಮರ ಕಡಿಯುವುದಕ್ಕೆ ಕೂಲಿ ಕೊಡುವುದನ್ನು ಕಂಡಿದ್ದೇವೆ, ಬರೀ ಅಳೆಯುವುದಕ್ಕೂ ಸಂಬಳವೇ ಎಂದು ಊರಿನವರು ಆಡಿಕೊಂಡರು. ಅಲ್ಲಿ ಒಂದೊಂದು ಮರಕ್ಕೂ ನಂಬರಿನ ತಗಡು ಹೊಡೆದು, ಎದೆಮಟ್ಟದಲ್ಲಿ ಕೆಂಪು ಗೆರೆ ಎಳೆದಿದ್ದರು. ಪ್ರತಿ ಬೇಸಿಗೆ ಆ ಗೆರೆಯ ಮೇಲೆ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳುವುದು ನನ್ನ ಕೆಲಸ. ಮಧ್ಯಾಹ್ನವೂ ಮಬ್ಬುಗತ್ತಲು. ಕೈಬೆರಳು ದಪ್ಪದ ಸಸಿಗಳು ದೊಡ್ಡ ಮರದ ನೆರಳಲ್ಲಿ ವರ್ಷಗಟ್ಟಲೆ ಬೆಳೆಯದೆ, ಸಾಯದೆ ನಿಂತಿರುತ್ತಿದ್ದವು. ಗಾಳಿಗೆ ಒಂದು ದೊಡ್ಡ ಮರ ಬಳ್ಳಿಗಳ ಸಮೇತ ಉರುಳಿ, ಪಕ್ಕದ ಹತ್ತನ್ನು ಎಳೆದುಕೊಂಡು ಬಿದ್ದು ಬಿಸಿಲು ಇಳಿದ ಮೇಲೆಯೇ ಅವಕ್ಕೆ ಜೀವ ಬರುವುದು. ಬಿದ್ದ ಮರದ ನಂಬರಿನ ಮುಂದೆ ನಾನು ‘ಸತ್ತಿದೆ’ ಎಂದು ಬರೆಯುತ್ತಿದ್ದೆ. ಹಾಗೆ ಬರೆಯುವಾಗಲೆಲ್ಲ ಆ ಸಸಿಗಳು ಬೆನ್ನ ಹಿಂದೆ ನಿಂತು ನೋಡುತ್ತಿವೆ ಎನ್ನಿಸಿ ತಿರುಗಿ ನೋಡುತ್ತಿದ್ದೆ.

ನಮ್ಮ ಕೆಲಸದ ಹಿರಿಯರು ಒಂದು ದಿನ ಬುತ್ತಿ ಬಿಚ್ಚುತ್ತಾ ವಿವರಿಸಿದರು. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಅದನ್ನು ಮರ ಮಣ್ಣಿನಿಂದ ತೆಗೆದದ್ದಲ್ಲ, ಎಲೆಯಿಂದ ಗಾಳಿಯನ್ನು ಕುಡಿದು ಕಟ್ಟಿಕೊಂಡದ್ದು. ಕೊಳೆತರೂ ಸುಟ್ಟರೂ ಮತ್ತೆ ಗಾಳಿಗೇ. ನನಗೆ ಮೈ ಹಗುರಾಯಿತು. ಹಾಗಾದರೆ ಆ ಮರದಲ್ಲಿ ತಂಗಿ ಇಲ್ಲ, ಇಷ್ಟು ವರ್ಷ ನಾನು ಹೆದರಿದ್ದು ಬರೀ ಮರಕ್ಕೆ.

ಆ ಸಲ ಅಳತೆ ಮುಗಿಸಿ ಊರಿಗೆ ಬಂದವನು ತುಂಬದ ಕೊಡದ ಹಾಗೆ ತುಳುಕಿದೆ. ಅಮ್ಮನನ್ನು ಬದುವಿಗೆ ಕರೆದುಕೊಂಡು ಹೋಗಿ, ಮರ ಮಣ್ಣನ್ನು ತಿಂದು ಬೆಳೆಯುವುದಿಲ್ಲ, ಇದರ ಮೈಯೆಲ್ಲ ಗಾಳಿಯಿಂದ ಆದದ್ದು, ನೀನು ಅಂದುಕೊಂಡ ಹಾಗೆ ಇದು ಅವಳಲ್ಲ ಎಂದು ಪಾಠ ಒಪ್ಪಿಸಿದೆ. ಅಮ್ಮ ಕೇಳಿಸಿಕೊಂಡಳು.

“ಅವಳ ಉಸ್ರು ಹೋಗಿದ್ದೂ ಗಾಳೀಗೇ ತಾನೇ ಕಣಪ್ಪ?” ಎಂದಳು.

ನನಗೆ ಸಿಟ್ಟು ಬಂತು. ಸಿಟ್ಟಿಗೇ ಚೀಲದಿಂದ ಟೇಪು ತೆಗೆದು, ಇದೊಂದು ಮರ ಅಷ್ಟೇ, ನೋಡು ಎನ್ನುತ್ತಾ ಕಾಂಡಕ್ಕೆ ಸುತ್ತಿದೆ. ಅಮ್ಮ ಓಡಿ ಬಂದು ಕೈ ಹಿಡಿದಳು. ಬೆಳೆಯುವ ಮಕ್ಕಳನ್ನು ಅಳೆದರೆ ದೃಷ್ಟಿಯಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅಷ್ಟರಲ್ಲಿ ನಾನು ಅಳತೆಯನ್ನು ಗಟ್ಟಿಯಾಗಿ ಓದಿಯಾಗಿತ್ತು.

“ಅಳೀಬಾರ್ದಾಗಿತ್ತು ಬುಡು,” ಎಂದಳು.

ಹದಿನೈದು ದಿನ ಕಳೆದಿರಲಿಲ್ಲ. ಬೇಸಿಗೆಯ ಮೊದಲ ಮಳೆ ಸಂಜೆ ಗುಡುಗಿಕೊಂಡು ಬಂತು. ಅಷ್ಟು ದೊಡ್ಡ ತೋಟದಲ್ಲಿ ಸಿಡಿಲು ಬಡಿದದ್ದು ಆ ಒಂದು ಮರಕ್ಕೆ. ಬೆಳಿಗ್ಗೆ ನೋಡಿದರೆ ಮರ ನೆಟ್ಟಗೇ ಇತ್ತು. ವಾರದೊಳಗೆ ಗರಿಗಳು ಒಂದೊಂದೇ ಜೋತುಬಿದ್ದವು, ಕಾಂಡದಿಂದ ಕಂದು ನೀರು ಒಸರತೊಡಗಿತು, ಕೊನೆಗೆ ಸುಳಿಯೇ ಕಳಚಿ ಬಿತ್ತು. ಸಿಡಿಲು ಬದುವಿನ ಮೇಲೆ ಒಂಟಿಯಾಗಿ ನಿಂತ ಮರವನ್ನು ಹುಡುಕುತ್ತದೆ, ಟೇಪಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನನಗಿಂತ ಚೆನ್ನಾಗಿ ಆ ಊರಲ್ಲಿ ಬಲ್ಲವರಿರಲಿಲ್ಲ. ಆದರೂ ತಂಗಿಯನ್ನು ಎರಡನೆಯ ಸಲ ಕೊಂದವನು ನಾನೇ ಎನ್ನಿಸುತ್ತಿತ್ತು. ಟೇಪನ್ನು ಬಾವಿಗೆ ಎಸೆಯಲು ಹೋದಾಗ ಅಮ್ಮ ಅದನ್ನು ಕೈಯಿಂದ ಕಿತ್ತುಕೊಂಡು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಒಣಮರವನ್ನು ಕಡಿದು ಒಲೆಗೆ ಹಾಕೋಣ ಎಂದರು ಅಪ್ಪ. ಆಗ ಅಮ್ಮ ನನ್ನ ಹತ್ತಿರ ಬಂದಳು. ಸುಟ್ಟರೆ ಏನಾಗುತ್ತದೆ ಎಂದು ಕೇಳಿದಳು. ಒಂದೇ ದಿನಕ್ಕೆ ಗಾಳಿಗೆ ಹೋಗುತ್ತದೆ ಎಂದೆ. ಹಾಗೇ ಬಿಟ್ಟರೆ? ಹುಳು ಹಿಡಿದು, ಕೊಳೆತು ನಾಲ್ಕಾರು ವರ್ಷಕ್ಕೆ ಹೋಗುತ್ತದೆ. ಇಟ್ಟುಕೊಳ್ಳುವ ದಾರಿಯೇ ಇಲ್ಲವೇ? ಇದೆ ಎಂದೆ. ನೀರು ತಾಗದಂತೆ ಸೂರಿನ ಕೆಳಗೆ ತೊಲೆ ಮಾಡಿ ಹಾಕಿದರೆ ಒಳಗಿರುವುದೆಲ್ಲ ಒಳಗೇ ಉಳಿಯುತ್ತದೆ.

“ಎಷ್ಟು ವರ್ಷ ಇದ್ದಾಳು?”

ಸೂರು ಸೋರದಿದ್ದರೆ ಮೂವತ್ತು, ನಲವತ್ತು ವರ್ಷ ಎಂದೆ.

“ನಾನಿರೋಗಂಟ ಆದ್ರೆ ಸಾಕು ಕಣಪ್ಪ.”

ಬಡಗಿ ಮರ ಬಲಿತಿಲ್ಲ, ಒಳಗೆಲ್ಲ ಬೆಂಡು ಎಂದು ಗೊಣಗಿದ. ಬುಡದ ಗಟ್ಟಿ ಭಾಗದಿಂದ ಒಂದೇ ತೊಲೆ ಬಂತು. ಅದನ್ನು ಅಡುಗೆಮನೆಯ ಮೇಲೆ ಹಾಕಿದರು. ಆ ಸಣಕಲು ಜಾಗ ಸರಿಯಾಗಿ ಒಲೆಯ ಮೇಲಕ್ಕೆ ಬಂದಿತ್ತು. ಅಮ್ಮ ಅದರ ಕೆಳಗೆ ರೊಟ್ಟಿ ತಟ್ಟುತ್ತಾ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದಳು. ಅಲ್ಲಿ ಕೂರಲಾರದೆ ನಾನು ತಟ್ಟೆ ಹಿಡಿದು ಜಗಲಿಗೆ ಬರುತ್ತಿದ್ದೆ.

ಮಳೆಕಾಡಿನ ಕೆಲಸ ಬಿಟ್ಟು ತಾಲ್ಲೂಕಿನ ಶಾಲೆಯೊಂದರಲ್ಲಿ ಮೇಷ್ಟ್ರಾದೆ. ವರ್ಷಕ್ಕೊಮ್ಮೆ ಮಕ್ಕಳ ಎತ್ತರ ಬರೆಯಬೇಕಾದಾಗ ಯಾವುದೋ ನೆಪ ಹೇಳಿ ಇನ್ನೊಬ್ಬ ಮೇಷ್ಟ್ರ ಕೈಲಿ ಬರೆಸುತ್ತಿದ್ದೆ. ಮದುವೆಯಾಯಿತು, ಮಗಳು ಹುಟ್ಟಿದಳು. ಅವಳಿಗೆ ಮೂರು ತುಂಬುವ ವರ್ಷ ನನ್ನ ಹೆದರಿಕೆ ಹೇಳತೀರದು. ಬೆಳೆದಿದ್ದಾಳೆ ಎಂದು ಯಾರಾದರೂ ಅಂದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಲಂಗ ಹೊಲಿಯಲು ಅಳತೆ ತೆಗೆಯಬೇಕೆಂದ ಹೆಂಡತಿಯ ಮೇಲೂ ರೇಗಿದೆ, ಅಂದಾಜಿಗೆ ಹೊಲಿಸು ಎಂದೆ.

ಅಮ್ಮ ಅಡುಗೆಮನೆಯಿಂದ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಮಣೆ ಹತ್ತಿ ನಿಂತು ತೊಲೆಯ ಸಂದಿಗೆ ಕೈ ಹಾಕಿದಳು. ಹೊಗೆ ಹಿಡಿದು ಕಪ್ಪಾಗಿದ್ದ ಆ ಟೇಪನ್ನು ತಂದು ನನ್ನ ಮುಂದೆ ಹಿಡಿದಳು. ಮಗುವನ್ನು ಅಳೆ ಎಂದಳು. ನಾನು ಹಿಂದಕ್ಕೆ ಸರಿದೆ.

“ಆ ಮಗೀನ ಒಂದಿನಾನೂ ಅಳೆದೋಳಲ್ಲ ಕಣಪ್ಪ ನಾನು. ಆದ್ರೂ ಹೋದ್ಲು,” ಎಂದಳು. ಟೇಪನ್ನು ನನ್ನ ಕೈಗೆ ತುರುಕಿ, “ಈಗ ಎಷ್ಟುದ್ದ ಇದ್ಲು ಅಂತ ನೆಪ್ಪು ಮಾಡ್ಕೊಂಡ್ರೆ, ನಂಗೆ ಗೊತ್ತೇ ಇಲ್ಲ.”

ಮಗಳನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿ ಅಳೆದೆ. ಕಣ್ಣು ಮಂಜಾಗಿ ಅಂಕಿ ಕಾಣಲಿಲ್ಲ. ಎಷ್ಟು, ಎಷ್ಟು ಎಂದು ಅಮ್ಮ ಪಕ್ಕದಲ್ಲಿ ನಿಂತು ಕೇಳುತ್ತಲೇ ಇದ್ದಳು.