ಮುದಿಯಪ್ಪ ಚೆಲ್ಲಲಾರದೆ ಉಳಿಸಿಕೊಂಡ ನೀರು

ಸದ್ಭಕ್ತರೇ, ದಿನದ ದುಡಿಮೆ ಮುಗಿಸಿ ದಣಿದು ಕುಳಿತಿದ್ದೀರಿ ಎಂಬುದನ್ನು ಬಲ್ಲೆ. ಆದರೂ ತುಸು ಕಿವಿಗೊಡಿರಿ. ನಾನು ಹೇಳಹೊರಟಿರುವುದೂ ದಣಿದವನೊಬ್ಬನ ಕಥೆಯೇ. ಅವನ ಹೆಸರು ಮುದಿಯಪ್ಪ. ಊರು ಗಂಗಾವತಿಯ ಬಳಿಯ ಮರಳಿ.

ಮುದಿಯಪ್ಪನು ಆಯುಷ್ಯದ ಬಹುಭಾಗವನ್ನು ಎಡದಂಡೆ ಕಾಲುವೆಯ ಮೇಲೆ ಗ್ಯಾಂಗ್‌ಮನ್ ಆಗಿ ಕಳೆದವನು. ಗೇಟು ಎತ್ತುವುದು, ಇಳಿಸುವುದು, ದಂಡೆಯಲ್ಲಿ ಸೋರುವ ಬಿಲಗಳನ್ನು ಮಣ್ಣಿನಿಂದ ಮುಚ್ಚುವುದು ಅವನ ಕೆಲಸವಾಗಿತ್ತು. ಕಾಲುವೆಯ ಕೊನೆಯಂಚಿನ ರೈತರು ನೀರಿಗಾಗಿ ಅವನ ಕಾಲು ಹಿಡಿದದ್ದುಂಟು. ಸಿಟ್ಟು ಬಂದಾಗ ಕೊರಳಪಟ್ಟಿ ಹಿಡಿದದ್ದೂ ಉಂಟು. ಹೀಗಾಗಿ ನೀರು ವ್ಯರ್ಥವಾಗುವುದನ್ನು ಅವನ ಕಣ್ಣು ಸಹಿಸುತ್ತಿರಲಿಲ್ಲ. ಯಾರ ಮನೆಯ ನಲ್ಲಿ ತೊಟ್ಟಿಕ್ಕಿದರೂ ತಾನೇ ಎದ್ದು ಹೋಗಿ ತಿರುವಿ ಬರುತ್ತಿದ್ದನು.

ನಿವೃತ್ತನಾದ ಮೇಲೆ ಅವನು ಗಂಗಾವತಿಯ ಮಕ್ಕಳ ಡಾಕ್ಟರು ಅನ್ನಪೂರ್ಣಮ್ಮನವರ ಆಸ್ಪತ್ರೆಯಲ್ಲಿ ಕಾವಲಿನ ಕೆಲಸಕ್ಕೆ ಸೇರಿದನು. ಅಷ್ಟರಲ್ಲಿ ಅವನ ಮೊಣಕಾಲುಗಳು ಸೋತಿದ್ದವು. ಆಸ್ಪತ್ರೆಯ ಹೊರಕೋಣೆಯಲ್ಲಿ ಗಾಜಿನ ದೊಡ್ಡ ತೊಟ್ಟಿಯೊಂದಿತ್ತು. ಅದರಲ್ಲಿ ಉಪ್ಪುನೀರು, ಸಮುದ್ರದ ಮೀನು, ಜೀವಂತ ಹವಳ. ಸೂಜಿಗೆ ಹೆದರುವ ಮಕ್ಕಳು ಅದನ್ನು ನೋಡುತ್ತ ಅಳು ಮರೆಯಲೆಂದು ಡಾಕ್ಟರು ತರಿಸಿದ್ದರು. ಹವಳವನ್ನು ಹೆಂಡತಿಯ ಕೊರಳ ಸರದಲ್ಲಿ ಮಾತ್ರ ಕಂಡಿದ್ದ ಮುದಿಯಪ್ಪನಿಗೆ, ಅದು ಹೂವಿನಂತೆ ಅರಳಿ ಮುಚ್ಚುವ ಜೀವವೆಂಬುದು ಹೊಸ ಮಾತು. ಬೆರಳುಗಳಂತೆ ಮೇಲೆದ್ದ ಹಸಿರು ಹವಳವೊಂದು ಅವನಿಗೆ ಬಲು ಅಚ್ಚುಮೆಚ್ಚಾಯಿತು. ಸಂಜೆ ರೋಗಿಗಳೆಲ್ಲ ಹೋದ ಮೇಲೆ ಸ್ಟೂಲು ಎಳೆದುಕೊಂಡು ಅದರ ಮುಂದೆ ಕೂರುತ್ತಿದ್ದನು. ಸಂಧ್ಯಾಕಾಲದಲ್ಲಿ ದೇವರ ಮುಂದೆ ಕುಳಿತಂತೆಯೇ.

ಆ ಜೀವಗಳನ್ನು ಡಾಕ್ಟರು ಅವನ ಕೈಗೊಪ್ಪಿಸಿದರು. ಪ್ರತಿ ಸೋಮವಾರ ತೊಟ್ಟಿಯಿಂದ ಎರಡು ಬಕೆಟ್ ಹಳೆಯ ನೀರು ತೆಗೆದು ಹೊರಚೆಲ್ಲಬೇಕು; ಫಿಲ್ಟರಿನ ನೀರಿಗೆ ಸಮುದ್ರದ ಉಪ್ಪನ್ನು ಬೆರೆಸಿ ಅಷ್ಟೇ ಹೊಸ ನೀರು ತುಂಬಬೇಕು. ನಡುವಿನ ದಿನಗಳಲ್ಲಿ ಆವಿಯಾಗಿ ತಗ್ಗಿದಷ್ಟನ್ನು ಬರೀ ಸಿಹಿನೀರಿನಿಂದ ಸರಿದೂಗಿಸಬೇಕು. ಅವನು ಆಗಲಿ ಎಂದು ಮಾತು ಕೊಟ್ಟನು.

2017ರ ಬೇಸಿಗೆ. ಕಾಲುವೆ ಬೇಗನೆ ಬತ್ತಿತ್ತು. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಹೆಂಗಸರು ಟ್ಯಾಂಕರಿಗಾಗಿ ಕೊಡ ಸಾಲಿಟ್ಟು ನಿಂತಿರುತ್ತಿದ್ದರು. ಅವರ ಕಣ್ಣೆದುರಿಗೇ ಮುದಿಯಪ್ಪನು ಬಕೆಟ್ ತಂದು ಗಟಾರಕ್ಕೆ ಬಗ್ಗಿಸಬೇಕಿತ್ತು. ಮನೆ ಮನೆಗೆ ಹೋಗಿ ಪಾತ್ರೆ ತಿಕ್ಕುವ ನೂರಜಾನಬಿ ಒಂದು ದಿನ ಸುಮ್ಮನಿರಲಿಲ್ಲ.

“ಏನ್ ಕಾಕಾ, ಡಾಕ್ಟರಮ್ಮನ ಮೀನಿಗೆ ವಾರ ವಾರ ಜಳಕಾ ಮಾಡಸ್ತಿ. ನಾವು ಇಲ್ಲಿ ಕೊಡಾ ಹಿಡ್ಕೊಂಡು ಒಣಗಾಕ ಹತ್ತೀವಿ. ನಾವೂ ಮೀನಾಗಿ ಹುಟ್ಟಿದ್ರ ಛಲೋ ಇತ್ತು ನೋಡು.”

ಹೆಂಗಸರು ನಕ್ಕರು. ಮುದಿಯಪ್ಪನ ತಲೆ ತಗ್ಗಿತು. ನೀರಿನ ಒಂದೊಂದು ಹನಿಗೂ ಕಾವಲಿದ್ದವನು ಮುಪ್ಪಿನಲ್ಲಿ ಅದನ್ನು ಗಟಾರಕ್ಕೆ ಚೆಲ್ಲುವಂತಾಯಿತಲ್ಲ ಎಂದು ಮರುಗಿದನು. ತೊಟ್ಟಿಯ ನೀರು ನೋಡಿದರೆ ಕನ್ನಡಿಯಂತೆ ತಿಳಿ. ಇಷ್ಟು ತಿಳಿಯಾದುದನ್ನು ಚೆಲ್ಲುವುದೇಕೆ? ಮೊಣಕಾಲುಗಳೂ ಅದನ್ನೇ ಕೇಳಿದವು. ಅಂದಿನಿಂದ ಅವನು ಚೆಲ್ಲುವುದನ್ನೇ ನಿಲ್ಲಿಸಿದನು. ಬಿಸಿಲಿಗೆ ನೀರು ತಗ್ಗಿದಾಗಲೆಲ್ಲ, ಸಮುದ್ರದ ಜೀವಕ್ಕೆ ಉಪ್ಪು ಬೇಕಲ್ಲವೇ ಎಂದು, ಸಿಹಿನೀರಿನ ಬದಲು ಉಪ್ಪು ಬೆರೆಸಿದ ನೀರನ್ನೇ ಸುರಿಯುತ್ತ ಬಂದನು.

ಕೆಲವು ವಾರಗಳಲ್ಲಿ ಹವಳಗಳು ಅರಳುವುದನ್ನು ಬಿಟ್ಟವು. ನೀರು ಬದಲಾಯಿಸುತ್ತಿದ್ದೀರಿ ತಾನೇ ಎಂದು ಡಾಕ್ಟರು ಕೇಳಿದರು.

“ಹೂನ್ರಿ ಅಮ್ಮಾರ, ತಪ್ಪದ ಮಾಡ್ತೀನ್ರಿ” ಎಂದನು ಮುದಿಯಪ್ಪ.

ಅಂದು ಸಂಜೆ ಸ್ಟೂಲು ಎಳೆದುಕೊಳ್ಳಲು ಮನಸ್ಸಾಗಲಿಲ್ಲ. ಅವನ ಅಚ್ಚುಮೆಚ್ಚಿನ ಹಸಿರು ಹವಳ ತುದಿಯಿಂದ ಬಿಳಿಚುತ್ತಿತ್ತು. ಉಪ್ಪು ಸಾಲದೇನೋ ಎಂದು ಮತ್ತಷ್ಟು ಉಪ್ಪುನೀರು ಹಾಕಿದನು. ಬಿಳುಪು ಬುಡಕ್ಕಿಳಿಯಿತು.

ಭಾನುವಾರ ಮರಳಿಗೆ ಹೋದಾಗ ಹೆಂಡತಿ ಮಾರೆವ್ವ ಗದ್ದೆಯ ಮೂಲೆಯಲ್ಲಿ ಸವಳು ನೆಲದ ಉಪ್ಪಿನ ಬಿಳಿ ಹೆಪ್ಪನ್ನು ಗುದ್ದಲಿಯಿಂದ ಕೆರೆಯುತ್ತಿದ್ದಳು. ಅದು ಹಳೆಯ ಗಾಯ. 1997ರಲ್ಲಿ ನೆರೆಯವರೆಲ್ಲ ಸೇರಿ, ಹೆಚ್ಚಿನ ನೀರು ಬಸಿದುಹೋಗಲು ಬಸಿಗಾಲುವೆ ತೋಡೋಣ, ನಿನ್ನ ಅಂಚಿನಲ್ಲೂ ಒಂದಿಷ್ಟು ಜಾಗ ಬಿಡು ಎಂದು ಕೇಳಿದ್ದರು. ಬಂದ ನೀರನ್ನು ಹೊರಗೆ ಬಿಡುವುದೆಂದರೇನು ಎಂದು ಮುದಿಯಪ್ಪ ಒಪ್ಪಲಿಲ್ಲ. ವರ್ಷ ವರ್ಷವೂ ನೀರು ನಿಂತು, ಆರಿ, ಉಪ್ಪನ್ನು ಮಾತ್ರ ಬಿಟ್ಟುಹೋಯಿತು, ಭತ್ತ ಸುಟ್ಟಂತಾಯಿತು. ಆಮೇಲೆ ಬಸಿಗಾಲುವೆ ತೋಡಿದರೂ ಆ ಮೂಲೆ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ.

ಮುದಿಯಪ್ಪನು ಬದುವಿನ ಮೇಲೆ ಕುಳಿತು ಹವಳದ ಸಂಗತಿಯನ್ನೆಲ್ಲ ಹೇಳಿದನು. ಏನು ಕಡಿಮೆ ಮಾಡಿದೆನೋ ತಿಳಿಯದು, ನೀರಂತೂ ತಪ್ಪದೆ ಕೊಟ್ಟೆ ಎಂದನು. ಮಾರೆವ್ವ ಗುದ್ದಲಿಯನ್ನು ನೆಲಕ್ಕೂರಿದಳು.

“ನೀರ ಕೊಟ್ಟಿದ್ದು ಖರೆ. ಅದು ಹೊರಗ ಹೋಗಾಕ ದಾರಿ ಎಲ್ಲಿ ಕೊಟ್ಟಿ? ಈ ಹೊಲಕ್ಕೂ ಹಿಂಗ ಮಾಡಿದ್ದಿ.”

ಮುದಿಯಪ್ಪನು ಬಾಗಿ ಬಿಳಿ ಹೆಪ್ಪನ್ನು ಬೆರಳಿಂದ ಮುಟ್ಟಿ ನೋಡಿದನು.

ಸೋಮವಾರ ಬೆಳಿಗ್ಗೆ ಡಾಕ್ಟರು ಬರುತ್ತಲೇ ಎದುರಿಗೆ ಹೋಗಿ ನಿಂತನು. “ಅಮ್ಮಾರ, ನಿಮ್ಮ ಮುಂದ ಸುಳ್ಳ ಹೇಳೀನ್ರಿ. ನೀರ ಚೆಲ್ಲಾಕ ನನ್ನ ಕೈ ಬರಲಿಲ್ರಿ.” ಕೆಲಸ ಹೋದರೂ ಹೋಗಲಿ ಎಂದುಕೊಂಡೇ ಓಣಿಯ ಹೆಂಗಸರ ಮಾತನ್ನೂ ಹೇಳಿದನು.

ಅನ್ನಪೂರ್ಣಮ್ಮನವರು ನೀರಿನ ಉಪ್ಪನ್ನು ಅಳೆದು ನೋಡಿ ನಿಟ್ಟುಸಿರಿಟ್ಟರು. ಬಿಸಿಲು ಒಯ್ಯುವುದು ನೀರನ್ನು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ ಎಂದು ವಿವರಿಸಿದರು. ಮೀನಿಗೆ ದಿನವೂ ಹಾಕುವ ಆಹಾರದ ಕೊಳೆ ತಿಳಿನೀರಿನಲ್ಲಿಯೂ ಕಾಣದಂತೆ ಕೂಡುತ್ತ ಹೋಗುತ್ತದೆ. ಹವಳವು ತನ್ನ ಮೈ ಕಟ್ಟಿಕೊಳ್ಳಲು ಬೇಕಾದ ಸತ್ವವನ್ನು ಹೊಸ ನೀರು ತರುತ್ತದೆ. ಮೀನು ಕಡಿಮೆಯಿದ್ದು ಯಂತ್ರಗಳು ಒಳ್ಳೆಯವಿದ್ದರೆ ಬಹುಕಾಲ ಬದಲಾಯಿಸದೆ ನಡೆಸುವವರೂ ಇದ್ದಾರೆ, ಆದರೆ ಅವರು ದಿನವೂ ಅಳೆಯುತ್ತಾರೆ, ನಾವು ಅಳೆಯಲಿಲ್ಲ ಎಂದು ತಮ್ಮನ್ನೂ ಸೇರಿಸಿಕೊಂಡೇ ನುಡಿದರು.

“ಕೈ ಯಾಕ ಬರಲಿಲ್ಲ ಅಂತ ಅವತ್ತ ಹೇಳಿದ್ರ, ಇಬ್ರೂ ಕೂಡಿ ದಾರಿ ಹುಡಕ್ತಿದ್ವಿ ಮುದಿಯಪ್ಪ” ಎಂದರು.

ಹಸಿರು ಹವಳ ಬದುಕಲಿಲ್ಲ. ಉಳಿದವನ್ನು ಬದುಕಿಸಲು ಒಮ್ಮೆಲೇ ನೀರು ತೆಗೆಯುವಂತಿರಲಿಲ್ಲ. ಹಠಾತ್ತನೆ ಬದಲಾದರೆ ಅವೂ ಸಾಯುತ್ತಿದ್ದವು. ದಿನವೂ ಇಷ್ಟಿಷ್ಟೇ ತೆಗೆದು, ಇಷ್ಟಿಷ್ಟೇ ತುಂಬಬೇಕಾಯಿತು. ಮುದಿಯಪ್ಪನು ಅರ್ಧ ಬಕೆಟ್ ಹೊರುವನು, ಮೆಟ್ಟಿಲ ಮೇಲೆ ಕೂರುವನು, ಮತ್ತೆ ಏಳುವನು. ನೂರಜಾನಬಿ ಬಂದು ಬಕೆಟ್ಟಿನಲ್ಲಿ ಬೆರಳದ್ದಿ ನಾಲಿಗೆಗಿಟ್ಟು ಥೂ ಎಂದು ಉಗುಳಿದಳು. ಇದನ್ನು ಚೆಲ್ಲುವುದೇ ಲೇಸೆಂದಳು. ಆದರೆ ತೊಟ್ಟಿಗೆಂದು ಸಿಹಿನೀರು ಸೋಸುವಾಗ ಫಿಲ್ಟರ್ ಯಂತ್ರ ಹೊರಹಾಕುವ ನೀರು ಕುಡಿಯಲು ಬಾರದಿದ್ದರೂ ಪಾತ್ರೆ ತೊಳೆಯಲು ಬರುತ್ತಿತ್ತು. ಈವರೆಗೆ ಅದೂ ಗಟಾರಕ್ಕೇ ಹೋಗುತ್ತಿತ್ತು. ಮುದಿಯಪ್ಪನು ಡಾಕ್ಟರನ್ನು ಕೇಳಿ ಪೈಪು ಹಾಕಿಸಿ, ಓಣಿಯ ಕಡೆಗೊಂದು ಡ್ರಮ್ಮು ಇರಿಸಿದನು.

“ಮೀನಿನ ಎಂಜಲಾ ಅಲ್ಲಲ್ಲ ಕಾಕಾ ಇದು?” ಎಂದು ನೂರಜಾನಬಿ ಕೊಡ ತುಂಬಿಕೊಂಡಳು.

ಉಳಿದ ಹವಳಗಳು ಮಳೆಗಾಲದ ಹೊತ್ತಿಗೆ ಮೆಲ್ಲಗೆ ಅರಳಿದವು. ಮುದಿಯಪ್ಪನ ಮೊಣಕಾಲು ವಾಸಿಯಾಗಲಿಲ್ಲ. ಅವನು ಇಂದಿಗೂ ಸೋಮವಾರ ಬಕೆಟ್ ಹೊರುತ್ತಾನೆ, ಮೆಟ್ಟಿಲ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಾನೆ. ಸತ್ತ ಹವಳದ ಬಿಳಿಯ ಬುಡವನ್ನು ತೊಟ್ಟಿಯಿಂದ ತೆಗೆಯಲು ಅವನು ಬಿಟ್ಟಿಲ್ಲ.

ಪ್ರಿಯ ಬಂಧುಗಳೇ, ನಾವೂ ಮನಸ್ಸಿಗೆ ತುಂಬುತ್ತಲೇ ಇರುತ್ತೇವೆ. ಭಜನೆ ತುಂಬುತ್ತೇವೆ, ಪ್ರವಚನ ತುಂಬುತ್ತೇವೆ. ಹಳೆಯ ಮುನಿಸನ್ನೂ ಆಡಿದ ಸುಳ್ಳನ್ನೂ ಮಾತ್ರ ಹೊರಗೆ ಬಿಡುವುದಿಲ್ಲ. ಮೇಲಿನಿಂದ ನೋಡಿದವರಿಗೆ ತಿಳಿಯಾಗಿಯೇ ಕಾಣುತ್ತೇವೆ. ಭಗವಂತನು ಒಮ್ಮೆಲೇ ಬರಿದಾಗು ಎಂದು ಯಾರನ್ನೂ ಕೇಳುವುದಿಲ್ಲ. ಅರ್ಧ ಬಕೆಟ್ಟಾದರೂ ಸಾಕೆನ್ನುತ್ತಾನೆ. ದಣಿದಿದ್ದರೂ ಸರಿ, ಬರುವ ಸೋಮವಾರ ನೀವೂ ಏಳಿರಿ. ಯಾರ ಮುಂದೆ ಸುಳ್ಳಾಡಿದ್ದೀರೋ ಅವರ ಮುಂದೆ ಹೋಗಿ ನಿಂತು, ಮುದಿಯಪ್ಪನಂತೆ ಒಂದು ನಿಜವನ್ನು ಹೇಳಿ ಬನ್ನಿರಿ.