ಶೀಲಾವತಿಯ ಬೆನ್ನುನೋವು

ಘಾಟ್ಕೋಪರ್‌ನ ಹಳೆಯ ಬಿಲ್ಡಿಂಗೊಂದರ ಎರಡನೆಯ ಮಾಳಿಗೆಯಲ್ಲಿ ಶೀಲಾವತಿ ಪಾಳಣಾಘರ್ ನಡೆಸುತ್ತಾಳೆ. ಬೆಳಿಗ್ಗೆ ಲೋಕಲ್ ಹಿಡಿಯಲು ಓಡುವ ತಾಯಂದಿರು ಮಕ್ಕಳನ್ನು ಅವಳ ಮಡಿಲಿಗೆ ಹಾಕಿ ಹೋಗುತ್ತಾರೆ, ಸಂಜೆ ಬಂದು ಎತ್ತಿಕೊಳ್ಳುತ್ತಾರೆ. ನಡುವೆ ಆರು ಮಕ್ಕಳನ್ನು ಎತ್ತುವುದು, ಇಳಿಸುವುದು, ತೊಳೆಯುವುದು, ಮಲಗಿಸುವುದು ಎಲ್ಲ ಅವಳದೇ. ಅವಳಿಗೆ ಸೊಂಟ ಬಗ್ಗುವುದಿಲ್ಲ ಎಂದು ಗೊತ್ತಾದರೆ ಯಾವ ತಾಯಿ ತಾನೇ ಮಗುವನ್ನು ಬಿಟ್ಟುಹೋದಾಳು? ಅದಕ್ಕೆ ಯಾರೂ ಇಲ್ಲದಾಗ ಮೊಣಕಾಲೂರಿ ಕೂತು, ಮಗುವನ್ನು ಎದೆಗೊತ್ತಿಕೊಂಡು, ಗೋಡೆ ಹಿಡಿದು ಏಳುತ್ತಿದ್ದಳು.

ಅದು ಹನ್ನೊಂದು ವರ್ಷದ ನೋವು. ಎಕ್ಸ್‌ರೇ ಆಯಿತು, ಎಂಆರ್‌ಐ ಎರಡು ಸಲ ಆಯಿತು, ಸೊಂಟಕ್ಕೆ ಬೆಲ್ಟ್ ಬಂತು. ಎಲ್ಲ ನಾರ್ಮಲ್ ಎಂದರು. ಫಿಲ್ಮಿನಲ್ಲಿ ಕಾಣದ ನೋವು ಹೆಂಗಸಿನ ತಲೆಯಲ್ಲಿದೆ ಎಂದುಬಿಡುವುದು ಎಷ್ಟು ಸುಲಭ ನೋಡಿ! ಒಬ್ಬರಂತೂ ನಿದ್ದೆಯ ಮಾತ್ರೆ ಬರೆದು ಕೈತೊಳೆದುಕೊಂಡರು. ಬೆನ್ನುನೋವೆಂದು ಬಂದವಳ ಬೆನ್ನನ್ನೇ ಎಲ್ಲರೂ ನೋಡಿದರು. ಮಗ್ಗುಲು ಬದಲಿಸಿ ಹೊಟ್ಟೆಯ ಕಡೆ ನೋಡಿದವರು ಒಬ್ಬರೂ ಇಲ್ಲ.

ಕೊನೆಗೆ ನೋಡಿದವಳು ಯಕ್ಷಿತಾ. ಕಾರ್ಕಳದ ಕಡೆಯವರ ಮಗಳು, ಬೆಳೆದದ್ದು ಬೊರಿವಲಿಯಲ್ಲಿ. ಈಗ ಘಾಟ್ಕೋಪರ್ ಸ್ಟೇಷನ್ ಹತ್ತಿರ ಅವಳ ಫಿಸಿಯೋಥೆರಪಿ ಕ್ಲಿನಿಕ್. ಅವಳ ಒಂದು ವರ್ಷದ ಮಗಳೂ ಶೀಲಾವತಿಯ ಹತ್ತಿರವೇ ಇರುವುದು. ಒಂದು ಸಂಜೆ ಬೇಗ ಬಂದವಳು, ಶೀಲಾವತಿ ಗೋಡೆ ಹಿಡಿದು ಏಳುವುದನ್ನು ನೋಡಿಬಿಟ್ಟಳು. ಶೀಲಾವತಿಯ ಜೀವ ಬಾಯಿಗೆ ಬಂತು.

"ಡರೋ ಮತ್ ಆಂಟಿ, ಹೆದರ್ಬೇಡಿ. ಸಂಡೇ ಕ್ಲಿನಿಕ್‌ಗೆ ಬನ್ನಿ," ಎಂದಳು ಯಕ್ಷಿತಾ.

ಕ್ಲಿನಿಕ್ಕಿನಲ್ಲಿ ಅವಳು ರಿಪೋರ್ಟುಗಳನ್ನು ಪಕ್ಕಕ್ಕಿಟ್ಟು ಬೆನ್ನಿನ ಚರ್ಮವನ್ನು ಚಿವುಟಿ ಎತ್ತಿ, ಬೆರಳುಗಳ ನಡುವೆ ಉರುಳಿಸುತ್ತ ಹೋದಳು. ಮೇಲೆ ಸಲೀಸಾಗಿ ಸರಿದ ಚರ್ಮ ಸೊಂಟದ ಹತ್ತಿರ ಅಂಟಿಕೊಂಡಂತೆ ನಿಂತಿತು. ಆಮೇಲೆ ಅಂಗಾತ ಮಲಗಿಸಿದಳು. ಹೊಕ್ಕುಳ ಕೆಳಗೆ ಅಡ್ಡಕ್ಕೆ ಹಳೆಯ ಹೊಲಿಗೆಯ ಗುರುತು. ಅದನ್ನು ಮೆಲ್ಲಗೆ ಎಳೆದಳು ಅಷ್ಟೇ, ಶೀಲಾವತಿ ಬೆನ್ನು ಹಿಡಿದುಕೊಂಡು ಚೀರಿದಳು.

"ಚರ್ಮದ ಕೆಳಗೆ, ಮಸಲ್ ಮೇಲೆ ಪತ್ಲಾ, ತೆಳು ಪೊರೆ ಉಂಟು ಆಂಟಿ. ಮೂಸಂಬಿ ತೊಳೆ ಮೇಲೆ ಇರ್ತದಲ್ಲ, ವೈಸಾ. ಹೊಟ್ಟೆಯಿಂದ ಬೆನ್ನಿನ ತನಕ ಒಂದಕ್ಕೊಂದು ಜೋಡ್ ಆಗಿ ಉಂಟು. ಆಪರೇಷನ್ ಆದಲ್ಲಿ ಅಂಟಿಕೊಂಡ್ರೆ ಬೆನ್ನಲ್ಲಿ ಎಳೀಬಹುದು. ಇದು ಫಿಲ್ಮಲ್ಲಿ ಜಾಸ್ತಿ ಕಾಣೋದಿಲ್ಲ, ಕೈಗೆ ಸಿಗ್ತದೆ," ಎಂದಳು. ಮತ್ತೆ ಕೇಳಿದಳು: "ಇದು ಶ್ರೇಯಾ ಹುಟ್ಟಿದಾಗಿನದ್ದಾ?"

ಶ್ರೇಯಾ ಶೀಲಾವತಿಯ ಹದಿನೇಳು ವರ್ಷದ ಮಗಳು. 'ಹೌದು' ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೆರಿಗೆ ಎಷ್ಟು ಎಂದು ಯಾವ ಡಾಕ್ಟರು ಕೇಳಿದರೂ ಅವಳು ಹೇಳಿದ್ದು ಒಂದೇ. ಇಲ್ಲದ ಮಗುವಿನ ಸುದ್ದಿ ಹೇಳಿಕೊಂಡು ತಿರುಗಬೇಡ ಎಂದು ಅತ್ತೆ ಆಸ್ಪತ್ರೆಯಲ್ಲೇ ಬಾಯಿ ಕಟ್ಟಿಸಿದ್ದರು.

"ಅಲ್ಲ. ಶ್ರೇಯಾದು ನಾರ್ಮಲ್. ಇದು ಅವನದ್ದು," ಎಂದಳು ಶೀಲಾವತಿ. ಯಾರದ್ದೆಂದು ಯಕ್ಷಿತಾ ಕೇಳಲಿಲ್ಲ, ಕಣ್ಣೊರೆಸಿಕೊಳ್ಳಲು ಟವೆಲ್ ಕೊಟ್ಟಳು.

ಹದಿಮೂರು ವರ್ಷದ ಹಿಂದಿನ ಮಾತು, ನೋವು ಶುರುವಾಗುವುದಕ್ಕೆ ಎರಡು ವರ್ಷ ಮೊದಲಿನದು. ಅವಸರದ ಆಪರೇಷನ್, ಪೂರ್ತಿ ಅರಿವಳಿಕೆ. ಎಚ್ಚರವಾಗುವಷ್ಟರಲ್ಲಿ ಮಗನನ್ನು ಮಣ್ಣು ಮಾಡಿ ಆಗಿತ್ತು. ತಾಯಿ ಮುಖ ನೋಡಿದರೆ ಚೇತರಿಸಿಕೊಳ್ಳುವುದಿಲ್ಲ ಎಂದು ಹಿರಿಯರೇ ತೀರ್ಮಾನಿಸಿದ್ದರು. ಒಳ್ಳೆಯದಕ್ಕೇ ಮಾಡಿದರು ಎನ್ನಿ, ಆದರೆ ಅದೆಂಥ ಒಳ್ಳೆಯದು! ಎದೆಹಾಲು ಹನ್ನೆರಡು ದಿನ ಬಂತು. ಮಗನನ್ನು ಎತ್ತಿಕೊಂಡು ಹೋದವನು ಗಂಡ ಚೆನ್ನಯ. ಅವನು ನೋಡಿದ್ದಾನೆ, ಒಂದು ದಿನ ಕೇಳಿದರೆ ಹೇಳುತ್ತಾನೆ ಎಂಬುದೊಂದೇ ಶೀಲಾವತಿಯ ಸಮಾಧಾನ. ಕೇಳಿಬಿಟ್ಟರೆ ಮತ್ತೆ ಕಾಯಲು ಏನೂ ಉಳಿಯುವುದಿಲ್ಲವೆಂದು ಕೇಳದೆಯೇ ಇದ್ದಳು.

ಯಕ್ಷಿತಾ ವಾರವಾರವೂ ಆ ಗುರುತನ್ನು ಮೆಲ್ಲಗೆ ಎಳೆದು ಸಡಿಲಿಸುತ್ತ ಹೋದಂತೆ ಎರಡು ತಿಂಗಳಲ್ಲಿ ನೋವು ಅರ್ಧಕ್ಕಿಳಿಯಿತು. ಇನ್ನು ಮನೆಯಲ್ಲೇ ದಿನಕ್ಕೆ ಹತ್ತು ನಿಮಿಷ ಮಾಡಿಕೊಳ್ಳಬೇಕು, ತಾನೇ ಮಾಡಿಕೊಂಡರೆ ಹೊಟ್ಟೆ ಬಿಗಿಯಾಗುತ್ತದೆ, ಅಂಕಲ್ ಮಾಡಲಿ ಎಂದಳು ಯಕ್ಷಿತಾ. ಚೆನ್ನಯನನ್ನು ಕರೆಸಿ, ಅವನ ಬೆರಳು ಹಿಡಿದು ಕಲಿಸಿದಳು.

ಚೆನ್ನಯ ಸಯನ್‌ನ ಹೋಟೆಲೊಂದರಲ್ಲಿ ದೋಸೆ ಹೊಯ್ಯುವವನು. ಇಪ್ಪತ್ತೈದು ವರ್ಷ ಕಾವಲಿಯ ಬಿಸಿ ಉಂಡ ಕೈ ಅವನದು. ಭಾನುವಾರ ರಜೆ ಹಾಕಿದ, ಪಾಳಣಾಘರ್‌ನ ಮಕ್ಕಳಿಲ್ಲ, ಶ್ರೇಯಾ ಕ್ಲಾಸಿಗೆ ಹೋಗಿದ್ದಳು. ಶೀಲಾವತಿ ಚಾಪೆಯ ಮೇಲೆ ಮಲಗಿದಳು. ಕಲಿಸಿದ ಹಾಗೆ ಅವನು ಆ ಗುರುತನ್ನು ಮೆಲ್ಲಗೆ ಎಳೆಯತೊಡಗಿದ.

"ಅವನು ಹೇಗಿದ್ದ?" ಎಂದು ಕೇಳಿಯೇಬಿಟ್ಟಳು.

ಕೈ ನಿಂತಿತು.

"ನೀವು ಎತ್ತಿಕೊಂಡು ಹೋದದ್ದಲ್ವಾ? ಮೂಗು ಯಾರ ಹಾಗೆ ಇತ್ತು? ತಲೆ ತುಂಬ ಕೂದಲು ಇತ್ತಾ? ಹೇಳಿ, ನಾನು ಅಳುದಿಲ್ಲ."

"ನಾನು ನೋಡ್ಲಿಲ್ಲ ಶೀಲಾ," ಎಂದ ಚೆನ್ನಯ. "ಬಟ್ಟೆಯಲ್ಲಿ ಸುತ್ತಿ ಕೊಟ್ರು. ಬಿಚ್ಚಿ ನೋಡುವಾ ಅಂತ ಎಣಿಸಿದೆ. ಧೈರ್ಯ ಬರ್ಲಿಲ್ಲ. ಹಾಗೇ ಮಣ್ಣಿಗೆ ಇಟ್ಟು ಬಂದೆ."

ಇಷ್ಟು ವರ್ಷ ಅವಳು ಗಂಡನ ಹತ್ತಿರ ಇದೆಯೆಂದು ನಂಬಿದ್ದ ಆ ಮುಖ ಅವನ ಹತ್ತಿರವೂ ಇರಲಿಲ್ಲ. ಹೆತ್ತವಳೂ ನೋಡಿಲ್ಲ, ಹೊತ್ತವನೂ ನೋಡಿಲ್ಲ. ಕೋಪ ಬರಬೇಕಿತ್ತು, ಬರಲಿಲ್ಲ. ಅವನೂ ಇದನ್ನು ಒಬ್ಬನೇ ಇಟ್ಟುಕೊಂಡು ಅಷ್ಟು ವರ್ಷ ಇದೇ ಚಾಪೆಯ ಮೇಲೆ ಪಕ್ಕದಲ್ಲಿ ಮಲಗಿದ್ದ. ಅವನು ಕೈ ತೆಗೆಯಲು ಹೋದಾಗ ಅವಳು ಹಿಡಿದುಕೊಂಡಳು.

"ತೂಕ ಆದ್ರೂ ಹೇಳಿ. ಕೈಗೆ ಗೊತ್ತಾಗಿರ್ಬೇಕಲ್ವಾ?"

"ಗೊತ್ತಾಯ್ತು," ಎಂದ ಚೆನ್ನಯ. "ಅಷ್ಟು ಭಾರ ಇರ್ತಾನೆ ಅಂತ ಎಣಿಸಿರ್ಲಿಲ್ಲ ನಾನು. ದಾರಿಯಲ್ಲಿ ಎರಡು ಸಲ ಕೈ ಬದಲಿಸಿದೆ."

"ಎರಡು ಸಲವಾ?" ಎಂದಳು ಶೀಲಾವತಿ, ಮತ್ತು ಅಳುವುದಿಲ್ಲ ಎಂದು ಕೊಟ್ಟ ಮಾತು ಅವಳಿಂದ ಉಳಿಸಿಕೊಳ್ಳಲಾಗಲಿಲ್ಲ.